ಹಚ್ಚಿದರೆ ಮಾಯ, ಬಿಟ್ಟರೆ ಹಾಜರು: ಒಂದು ಮನೆಯ ಗಜಕರ್ಣ, ಉಗುರುಸುತ್ತು ಮತ್ತು ಕೂದಲು

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನ ಒಂದು ಹಳ್ಳಿ. ಮನೆಯವರು ಬೋಟಿಗೆ ಹೋಗುತ್ತಾರೆ. ಬೋಟು ನಿಂತಾಗ ಘಟ್ಟದ ಮೇಲೆ ಅಡಿಕೆ ತೋಟದ ಕೆಲಸ. ಕಳೆದ ಆಷಾಢದಲ್ಲಿ ಅವರ ತೊಡೆಸಂದಿಯಲ್ಲಿ ಗಜಕರ್ಣ ಎದ್ದಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬ್ ತಂದರು. ಹಚ್ಚಿದರೆ ನಾಲ್ಕು ದಿನಕ್ಕೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಹೀಗೇ ಹನ್ನೊಂದು ಟ್ಯೂಬ್ ಆಯಿತು. ಈಗ ನನಗೂ ಸೊಂಟದ ಸುತ್ತ ಬಂದಿದೆ. ಐದು ತಿಂಗಳ ಮಗುವಿದೆ, ಅದಕ್ಕೂ ಹತ್ತೀತೇ ಎಂಬ ಹೆದರಿಕೆ. ಅತ್ತೆಯವರಿಗೆ ಬಲಗೈಯ ಎರಡು ಬೆರಳಲ್ಲಿ ಉಗುರಿನ ಬುಡ ಊದಿ, ಉಗುರು ಕಂದಿ ಒರಟಾಗಿದೆ. ಅದೂ ಇದೇ ಕಾಯಿಲೆಯೇ? ನನಗೆ ಎರಡು ತಿಂಗಳಿಂದ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ಒಂದೇ ಮನೆಗೆ ಇಷ್ಟೊಂದು ಏಕೆ? ಮೀನು ನಂಜು, ಬಿಡಿ ಎನ್ನುತ್ತಾರೆ. ಬಿಡಬೇಕೇ?

ಉತ್ತರ: ಮೊದಲು ಮೀನಿನ ಮಾತು ಮುಗಿಸಿಬಿಡುತ್ತೇನೆ. ಬಿಡಬೇಡಿ. ಗಜಕರ್ಣಕ್ಕೂ ಬಂಗಡೆಗೂ ಯಾವ ಸಂಬಂಧವೂ ಇಲ್ಲ. ಹಾಲೂಡಿಸುವ ತಾಯಿ ಮೀನು, ಮೊಟ್ಟೆ, ಬೇಳೆ ಎಲ್ಲ ನಂಜೆಂದು ಬಿಟ್ಟು ಗಂಜಿ ಉಪ್ಪಿನಕಾಯಿಯಲ್ಲಿ ದಿನ ತಳ್ಳಿದರೆ, ಉದುರುವ ಕೂದಲಿಗೆ ಇನ್ನೊಂದು ಕಾರಣ ಸೇರಿಸಿದಂತೆ ಅಷ್ಟೇ.

ಈಗ ಆ ಹನ್ನೊಂದು ಟ್ಯೂಬುಗಳ ವಿಷಯ. ಹೆಸರು ನೀವು ಬರೆದಿಲ್ಲ, ಆದರೂ ಒಳಗೇನಿದೆ ಎಂದು ಹೆಚ್ಚುಕಡಿಮೆ ಹೇಳಬಲ್ಲೆ. ನಾಲ್ಕು ದಿನಕ್ಕೆ ಹೋಗಿ, ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಏಳುವುದು ಒಂದು ಬಗೆಯ ಮುಲಾಮಿನ ಗುರುತು. ಟ್ಯೂಬಿನ ಮೇಲೆ ಇರುವೆಯಂಥ ಅಕ್ಷರದಲ್ಲಿ ಮೂರೋ ನಾಲ್ಕೋ ಔಷಧಿಗಳ ಹೆಸರಿರುತ್ತದೆ. ಗಜಕರ್ಣ ತರುವ ಶಿಲೀಂಧ್ರಕ್ಕೆ, ಎಂದರೆ ಬೂಷ್ಟಿನ ಜಾತಿಯ ಜೀವಿಗೆ, ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಹೊಟ್ಟೆ ಕೆಟ್ಟು ಭೇದಿಯಾದಾಗ ಕೊಡುವ ಔಷಧಿ ಇನ್ನೊಂದು, ಇವುಗಳ ನಡುವೆ ಅಡಗಿ ಕುಳಿತ ಒಂದು ಸ್ಟೀರಾಯ್ಡ್. ಹೆಚ್ಚಾಗಿ ಅದು ಕ್ಲೊಬೆಟಾಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತ್ಯಂತ ಬಲವಾದ ಗುಂಪಿಗೆ ಸೇರಿದ್ದು. ಮಕ್ಕಳಿಗೆ ಬರೆಯುವ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ಜೋರು.

ಹೆಸರಿನಲ್ಲೇ ಒಂದು ಮೋಸವಿದೆ, ಕೇಳಿ. ಕ್ಲೋಟ್ರಿಮಜೋಲ್ ಎಂಬುದು ಶಿಲೀಂಧ್ರದ ಹಳೆಯ, ಸಭ್ಯ ಔಷಧಿ. ಕ್ಲೊಬೆಟಾಸಾಲ್ ಎಂಬುದು ಈ ಸ್ಟೀರಾಯ್ಡ್. ಎರಡೂ ‘ಕ್ಲೊ’ದಲ್ಲಿ ಶುರು, ಕೊನೆಯಲ್ಲಿ ಅದೇ ‘ಲ್’. ಕನ್ನಡಕ ಮರೆತು ಅಂಗಡಿಗೆ ಹೋದವರಿಗೆ ಎರಡೂ ಒಂದೇ. ‘ಬೀಟಾಮೆಥಾ’, ‘ಬೆಕ್ಲೊ’, ‘ಮೊಮೆಟಾ’, ‘ಕ್ಲೊಬೆಟಾ’ ಎಂದು ಶುರುವಾಗುವ ಹೆಸರು ಕಂಡರೆ ಅದು ಸ್ಟೀರಾಯ್ಡ್ ಎಂದು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಮೊಬೈಲಿದ್ದರೆ ಟ್ಯೂಬಿನ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಅದು ಮಾಡುವ ಕೆಲಸ ಹೀಗೆ. ಗಜಕರ್ಣದ ತುರಿ, ಕೆಂಪು, ಉರಿ ಇವೆಲ್ಲ ಶಿಲೀಂಧ್ರ ಮಾಡಿದ್ದಲ್ಲ, ಶಿಲೀಂಧ್ರದ ಮೇಲೆ ನಮ್ಮ ದೇಹ ಹೂಡಿದ ಜಗಳ. ಸ್ಟೀರಾಯ್ಡ್ ಹೋಗಿ ಜಗಳ ಬಿಡಿಸುತ್ತದೆ, ಕಳ್ಳನನ್ನು ಹಿಡಿಯುವುದಿಲ್ಲ. ಬೊಗಳುವ ನಾಯಿಯ ಬಾಯಿ ಕಟ್ಟಿ ಮನೆಮಂದಿ ನೆಮ್ಮದಿಯಾಗಿ ಮಲಗಿದಂತೆ. ತುರಿ ನಿಂತ ಆ ನಾಲ್ಕು ದಿನ ಶಿಲೀಂಧ್ರ ಸುತ್ತಲೂ, ಕೂದಲಿನ ಬುಡಕ್ಕೂ ಇಳಿದಿರುತ್ತದೆ. ಮುಲಾಮು ಬಿಟ್ಟೊಡನೆ ದೇಹ ಮತ್ತೆ ಎದ್ದು ನಿಲ್ಲುತ್ತದೆ, ಈಗ ಜಗಳ ಎರಡು ಪಟ್ಟು ಜಾಗದಲ್ಲಿ. ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಗಜಕರ್ಣದ ಆ ಸ್ಪಷ್ಟ ಉಂಗುರವೇ ಅಳಿಸಿಹೋಗಿ, ಉಂಗುರದೊಳಗೆ ಉಂಗುರ ಎದ್ದು, ನಮ್ಮಂಥ ಚರ್ಮ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ತೊಡೆಸಂದಿಯ ಚರ್ಮ ಮೊದಲೇ ತೆಳು. ಅಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಬಿಳಿ ಗೀರುಗಳು ಬೀಳುತ್ತವೆ. ಗಜಕರ್ಣ ವಾಸಿಯಾದರೂ ಆ ಗೀರು ಪೂರ್ತಿ ಹೋಗುವುದಿಲ್ಲ. ನಿಮ್ಮ ಮನೆಯವರಿಗೆ ಬಿದ್ದಿದೆಯೇ ನೋಡಿ. ನಾಚಿಕೆಯಿಂದ ಗಂಡಸರು ಅದನ್ನು ಹೇಳುವುದಿಲ್ಲ.

ಇದು ಕಾನೂನಿಗೆ ಗೊತ್ತಿಲ್ಲದ ವಿಷಯವೇನಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಹೆಚ್ ಪಟ್ಟಿಗೆ ಸೇರಿಸಿತು. ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯಲ್ಲಿ ನಡೆಯುವುದು ನಿಮಗೂ ಗೊತ್ತು, ನನಗೂ ಗೊತ್ತು. ‘ಗಜಕರ್ಣಕ್ಕೆ ಒಂದು ಟ್ಯೂಬ್ ಕೊಡಿ’ ಎಂದರೆ ಬೇಗ ತಗ್ಗಿಸುವುದನ್ನೇ ಕೊಡುತ್ತಾರೆ. ಬೇಗ ತಗ್ಗದಿದ್ದರೆ ಗಿರಾಕಿ ಬಂದು ಬಯ್ಯುತ್ತಾನಲ್ಲ.

ತಪ್ಪು ಅಂಗಡಿಯವರದಷ್ಟೇ ಎಂದು ನಾನು ಕೈ ತೊಳೆದುಕೊಳ್ಳಲಾರೆ. ಈ ಕರಾವಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಚರ್ಮ ನೋಡುತ್ತಿದ್ದೇನೆ. ಶುರುವಿನ ವರ್ಷಗಳಲ್ಲಿ ಎರಡು ವಾರಕ್ಕೆ ಮುಲಾಮು ಬರೆದು ಕಳಿಸುತ್ತಿದ್ದೆ, ಹೋಗಿಬಿಡುತ್ತಿತ್ತು. ಆಮೇಲಾಮೇಲೆ ಅದೇ ಚೀಟಿ ಬರೆದರೆ ಜನ ಮೂರನೇ ವಾರಕ್ಕೆ ತಿರುಗಿ ಬಂದರು. ಔಷಧಿ ಸರಿಯಾಗಿ ಹಚ್ಚಿಲ್ಲ ಎಂದು ನಾನು ಅವರನ್ನೇ ಗದರಿದ್ದೂ ಉಂಟು. ಬದಲಾದದ್ದು ಶಿಲೀಂಧ್ರವೇ ಎಂದು ತಿಳಿಯಲು ನನಗೆ ಸಮಯ ಹಿಡಿಯಿತು. ಜಪಾನಿನ ಸಂಶೋಧಕರು ಅಲ್ಲಿದ್ದ ಭಾರತ ಮತ್ತು ನೇಪಾಳದ ರೋಗಿಗಳ ಚರ್ಮದಿಂದ ತೆಗೆದ ತಳಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟೀನಿಯೇ ಎಂದು ಹೆಸರಿಟ್ಟರು. ನೋಡಿ, ಹೆಸರಿನಲ್ಲೇ ನಮ್ಮ ದೇಶ. ಹಿಂದೆ ಸಲೀಸಾಗಿ ಕೆಲಸ ಮಾಡುತ್ತಿದ್ದ ಟರ್ಬಿನಾಫಿನ್ ಎಂಬ ಔಷಧಿಗೆ ಇದು ಅನೇಕ ಸಲ ಜಗ್ಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ದಾಟುತ್ತದೆ, ಸೊಂಟ, ತೊಡೆ, ಪೃಷ್ಠ, ಮುಖ ಎಲ್ಲ ಕಡೆ ಹಬ್ಬುತ್ತದೆ.

ಹಾಗಾದರೆ ಈಗೇನು ಮಾಡಬೇಕು? ಆ ಟ್ಯೂಬನ್ನು ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಒಂದೆರಡು ವಾರ ತುರಿ ಹುಚ್ಚು ಹಿಡಿಸುವಷ್ಟು ಏರಬಹುದು. ಅಲ್ಲೇ ಹೆಚ್ಚಿನವರು ಸೋತು ಹನ್ನೆರಡನೇ ಟ್ಯೂಬ್ ತರುತ್ತಾರೆ. ಆ ದಿನಗಳಿಗೆ ತುರಿ ಕಡಿಮೆ ಮಾಡುವ ಮಾತ್ರೆ ಕೊಡುತ್ತೇವೆ. ತಣ್ಣೀರಿನ ಬಟ್ಟೆ ಒತ್ತಿದರೂ ಸ್ವಲ್ಪ ಸಮಾಧಾನ, ಆದರೆ ಒತ್ತಿದ ಮೇಲೆ ಒರೆಸಿ ಒಣಗಿಸಲೇಬೇಕು.

ಔಷಧಿ ಶುರು ಮಾಡುವ ಮೊದಲು ಒಂದು ಪರೀಕ್ಷೆ. ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಮೊಂಡು ಅಲಗಿನಿಂದ ಮಚ್ಚೆಯ ಅಂಚನ್ನು ಕೆರೆದರೆ ತೌಡಿನಂಥ ಬಿಳಿ ಪುಡಿ ಉದುರುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಕಾಯಬೇಕು. ಚರ್ಮದ ಪುಡಿ ಕರಗಿ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮದ ಕಣಗಳ ಗಡಿಯನ್ನು ಲೆಕ್ಕಿಸದೆ, ಮಳೆಗಾಲದ ಹಂಚಿನ ಮೇಲೆ ಬಳ್ಳಿ ಹಬ್ಬಿದ ಹಾಗೆ, ಕವಲೊಡೆಯುತ್ತ ಹೋದ ಗಾಜಿನಂಥ ಎಳೆಗಳು. ಒಮ್ಮೆ ಒಬ್ಬ ತೋಟಿಗರಿಗೆ ಇದನ್ನು ತೋರಿಸಿದ್ದೆ. ಬಹಳ ಹೊತ್ತು ಕಣ್ಣಿಟ್ಟು ನೋಡಿ ಅವರು ಹೇಳಿದ್ದು ‘ಕೊಳೆಯೇ ಸೈ’ ಎಂದು. ಅಡಿಕೆಯ ಕೊಳೆರೋಗ ತರುವುದು ಬೇರೆ ಜೀವಿ, ಆದರೂ ಹೋಲಿಕೆ ಸುಳ್ಳಲ್ಲ. ಅವರಿಗೆ ಮುಂದಿನದನ್ನು ವಿವರಿಸುವ ಕೆಲಸವೇ ನನಗೆ ಉಳಿಯಲಿಲ್ಲ. ಮಳೆಗೆ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು, ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯದೆ ಸುಮ್ಮನೆ ಕುಳಿತರೆ ಅಡಿಕೆಗೊನೆಯಲ್ಲಿ ಏನು ಉಳಿಯುತ್ತದೆ ಎಂದು ನಿಮ್ಮ ಮನೆಯವರಿಗೂ ಗೊತ್ತಿರುತ್ತದೆ.

ಗಜಕರ್ಣಕ್ಕೂ ಅದೇ ಲೆಕ್ಕ. ಚರ್ಮದ ಮೇಲ್ಪದರ ಬುಡದಿಂದ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಶಿಲೀಂಧ್ರ ತಿನ್ನುವುದು ಆ ಪದರದ ಕೆರಟಿನ್ ಎಂಬ ಪ್ರೋಟೀನನ್ನು. ಆ ಪದರ ಪೂರ್ತಿ ಹೊಸದಾಗುವ ತನಕ ಔಷಧಿ ನಿಲ್ಲಿಸುವಂತಿಲ್ಲ. ಹಾಗಾಗಿ ನಿಮ್ಮ ಮನೆಯವರಂಥ ಹಳೆಯ ಗಜಕರ್ಣಕ್ಕೆ ಹಚ್ಚುವುದರ ಜೊತೆ ನುಂಗುವ ಔಷಧಿಯೂ ಬೇಕು. ಒಂದೆರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಈಗ ಹೆಚ್ಚು ಬರೆಯುವುದು ಇಟ್ರಾಕೊನಜೋಲ್ ಕ್ಯಾಪ್ಸೂಲ್. ಅದನ್ನು ಹೊಟ್ಟೆ ತುಂಬ ಊಟ ಮಾಡಿದ ಮೇಲೆ ನುಂಗಬೇಕು, ಬರಿಹೊಟ್ಟೆಯಲ್ಲಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೆಳಗಿನ ಜಾವ ಚಾ ಕುಡಿದು ಬೋಟಿಗೆ ಓಡುವವರು ಇದನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಲಿ. ಆದರೆ ಇದನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಹೃದಯದ ಬಲ ಕಡಿಮೆ ಇದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಇದು ಅಪಾಯ. ಕೊಲೆಸ್ಟ್ರಾಲಿನ ಕೆಲವು ಮಾತ್ರೆಗಳ ಜೊತೆಯೂ ಹೊಂದುವುದಿಲ್ಲ. ನಿಮಗೆ, ಹಾಲೂಡಿಸುತ್ತಿರುವುದರಿಂದ, ಸಾಧ್ಯವಾದಷ್ಟು ಹಚ್ಚುವ ಔಷಧಿಯಲ್ಲೇ ನಿಭಾಯಿಸುತ್ತೇವೆ.

ಹಚ್ಚುವುದರಲ್ಲೂ ಒಂದು ಕ್ರಮವಿದೆ. ಮಚ್ಚೆಯ ಮೇಲಷ್ಟೇ ಹಚ್ಚಿದರೆ ಸಾಲದು, ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು, ಹೊರಗಿನಿಂದ ಒಳಗೆ. ಕಣ್ಣಿಗೆ ಏನೂ ಕಾಣದಂತಾದ ಮೇಲೂ ಎರಡು ವಾರ ಮುಂದುವರಿಸಬೇಕು. ಉಳಿಯುವ ಕಪ್ಪು ಕಲೆ ರೋಗವಲ್ಲ, ರೋಗದ ನೆರಳು. ಅದಕ್ಕೆ ಔಷಧಿ ತಿಕ್ಕಬೇಡಿ.

ಇಷ್ಟು ಮಾಡಿಯೂ ಬಟ್ಟೆಯ ವಿಷಯದಲ್ಲಿ ಎಡವಿದರೆ ಎಲ್ಲ ವ್ಯರ್ಥ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿ ನಮ್ಮದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ, ಆದರೆ ಒದ್ದೆ ಬಟ್ಟೆಗೆ ರಜೆಯಿಲ್ಲ. ತೋಟದಲ್ಲಿ ನೆಂದ ಚಡ್ಡಿ, ಅದರ ಮೇಲೆ ಪ್ಯಾಂಟು, ಸಂಜೆಯವರೆಗೂ ಅದೇ. ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಹೊಗೆ ಹಿಡಿದು ಅರೆಬರೆ ಒಣಗಿದ್ದನ್ನೇ ಮರುದಿನ ಹಾಕುವುದು. ಉದುರಿದ ಚರ್ಮದ ಹೊಟ್ಟಿನಲ್ಲಿ ಶಿಲೀಂಧ್ರ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ರೋಗಿಯ ಒಳಬಟ್ಟೆ, ಟವೆಲ್, ಹೊದಿಕೆಗಳನ್ನು ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ನೆನೆಸಿ ಒಗೆಯಿರಿ, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲು ಕಾಣದ ದಿನ ಬಿಸಿ ಇಸ್ತ್ರಿ ಪೆಟ್ಟಿಗೆ ಹಾಯಿಸಿ, ಹೊಲಿಗೆಯ ಸಂದಿಗಳಲ್ಲಿ ತುಸು ಹೆಚ್ಚು ಹೊತ್ತು. ಬಿಗಿಯಾದ ನೈಲಾನ್ ಚಡ್ಡಿ, ಜೀನ್ಸ್ ಬೇಡ. ತೆಳ್ಳನೆ ಹತ್ತಿಯದು, ಸಡಿಲವಾಗಿ.

ಇನ್ನೊಂದು, ಯಾರೂ ನೆನೆಯದ್ದು: ಉಡಿದಾರ. ನಿಮ್ಮ ಮನೆಯವರ ಸೊಂಟದಲ್ಲಿ ಕರಿ ದಾರವಿದ್ದರೆ ಅದು ವರ್ಷವಿಡೀ ಒದ್ದೆಯಾಗಿ, ಬೆವರು ಕುಡಿದು, ಶಿಲೀಂಧ್ರದ ಮನೆಯಾಗಿರುತ್ತದೆ. ಎಷ್ಟೋ ಗಂಡಸರ ಗಜಕರ್ಣ ಸರಿಯಾಗಿ ಉಡಿದಾರದ ಗೆರೆಯಲ್ಲೇ ಮರಳುವುದನ್ನು ಕಂಡಿದ್ದೇನೆ. ವಾಸಿಯಾಗುವ ತನಕ ತೆಗೆದಿಡಿ, ಆಮೇಲೆ ಹೊಸದು ಕಟ್ಟಿ. ದೇವರೇನೂ ಮುನಿಯುವುದಿಲ್ಲ. ಬೆಳ್ಳಿಯದಾದರೆ ಹಳೆಯ ಬ್ರಷ್ಷಿನಲ್ಲಿ ಸೋಪು ಹಾಕಿ ತಿಕ್ಕಿ ಕುದಿನೀರಲ್ಲಿ ಅದ್ದಿ. ನಿಮಗೆ ಸೊಂಟದ ಸುತ್ತ ಬಂದದ್ದಕ್ಕೂ ಲಂಗದ ಲಾಡಿಯೇ ದಾರಿ ಮಾಡಿಕೊಟ್ಟಿರಬೇಕು. ಬಿಗಿದು ಕಟ್ಟಿದ ಜಾಗ ಉಜ್ಜಿ, ಬೆವೆತು, ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆ. ಕೆಲ ತಿಂಗಳು ಅಗಲ ಪಟ್ಟಿಯ ಲಂಗ ಅಥವಾ ಸಡಿಲ ನೈಟಿ ಒಳ್ಳೆಯದು. ಮತ್ತು ನೀವಿಬ್ಬರೂ ಒಂದೇ ಹೊತ್ತಿಗೆ ಔಷಧಿ ಶುರು ಮಾಡಬೇಕು. ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡಿದರೆ ಮನೆಯೊಳಗೇ ಅದು ಚೆಂಡಿನಂತೆ ಅತ್ತಿಂದಿತ್ತ ಪುಟಿಯುತ್ತಿರುತ್ತದೆ.

ತಗಟೆ ಸೊಪ್ಪು ಅರೆದು ಹಚ್ಚಬಹುದೇ ಎಂದು ಈ ಕಡೆಯವರೆಲ್ಲ ಕೇಳುತ್ತಾರೆ, ನೀವು ಕೇಳಿಲ್ಲ ಅಷ್ಟೇ. ಆ ಜಾತಿಯ ಗಿಡಗಳಲ್ಲಿ ಶಿಲೀಂಧ್ರಕ್ಕೆ ಆಗದ ಅಂಶಗಳಿರುವುದು ನಿಜ. ಒಂದು ಸಣ್ಣ ಹೊಸ ಮಚ್ಚೆಗೆ ನಾನು ಬೇಡ ಎನ್ನುವುದಿಲ್ಲ. ಮೈತುಂಬ ಹಬ್ಬಿದ ಎಂಟು ತಿಂಗಳ ಗಜಕರ್ಣ ಅದಕ್ಕೆ ಬಗ್ಗುವುದಿಲ್ಲ. ತಗಟೆಯನ್ನು ಮೊದಲ ಮಳೆಗೆ ಪಲ್ಯ ಮಾಡಿ ತಿನ್ನಿ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ ಇವು ಮಾತ್ರ ಖಂಡಿತ ಬೇಡ. ಬೆಳ್ಳುಳ್ಳಿಯಿಂದ ಬೊಬ್ಬೆ ಎದ್ದು, ಗಜಕರ್ಣದ ಬದಲು ಸುಟ್ಟಗಾಯ ಹಿಡಿದು ಬಂದವರನ್ನು ನೋಡಿದ್ದೇನೆ.

ಎಲ್ಲ ಮಚ್ಚೆಯೂ ಗಜಕರ್ಣವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಒಂದೇ ಟ್ಯೂಬನ್ನು ಮನೆಮಂದಿಯೆಲ್ಲ ಎಲ್ಲದಕ್ಕೂ ಹಚ್ಚುತ್ತಾರೆ. ಬೆನ್ನು, ಎದೆ, ಕುತ್ತಿಗೆಯ ಮೇಲೆ ತುರಿಯಿಲ್ಲದೆ ತೌಡು ಚೆಲ್ಲಿದಂತೆ ಬಿಳಿಚುವುದು ಚಿಬ್ಬು. ಅದು ಎಲ್ಲರ ಚರ್ಮದಲ್ಲೂ ಇರುವ ಒಂದು ಯೀಸ್ಟ್ ಸೆಕೆಗೆ ಮಿತಿಮೀರಿ ಬೆಳೆದದ್ದು, ಕೀಟೊಕೊನಜೋಲ್ ಶಾಂಪೂವಿಗೇ ತಗ್ಗುತ್ತದೆ, ಬಣ್ಣ ಮರಳಲು ಮಾತ್ರ ತಿಂಗಳುಗಳು ಬೇಕು. ರಾತ್ರಿ ಮಲಗಿದ ಮೇಲೆ ಬೆರಳಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ತುರಿ ಏರಿದರೆ, ಅದೂ ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಆದರೆ, ಅದು ಕಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ. 5 ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ದೊಡ್ಡವರು ಕುತ್ತಿಗೆಯಿಂದ ಪಾದದವರೆಗೆ ಒಂದಿಂಚೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲ ಅದೇ ರಾತ್ರಿ, ತುರಿಯಿಲ್ಲದವರೂ.

ಮೇ ತಿಂಗಳಲ್ಲಿ ನನ್ನಲ್ಲಿಗೆ ಬರುವ ಇನ್ನೊಂದು ಗುಂಪಿದೆ, ಬಾಯಿಯ ಸುತ್ತ, ಕೆನ್ನೆಯ ಮೇಲೆ ಕಪ್ಪಗೆ ಸುಟ್ಟಂತಾದ ಮಕ್ಕಳು. ಅಂಕೋಲೆಯ ಕರಿ ಈಶಾಡ ಮಾವಿನ ಹಣ್ಣನ್ನು ತೊಟ್ಟಿನ ಕಡೆಯಿಂದಲೇ ಕಚ್ಚಿ ಚೀಪಿದವರು. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಕಾಡಿನ ಹೊಳಗೇರು ಎಲ್ಲ ಒಂದೇ ಕುಲ, ಒಂದೇ ಬಗೆಯ ಸುಡುವಿಕೆ. ಹಣ್ಣಿನ ತೊಟ್ಟು ಕೊಯ್ದು, ಸೊನೆ ಇಳಿಸಿ, ತೊಳೆದು ಕೊಟ್ಟರೆ ಮುಗಿಯಿತು. ಹಣ್ಣಿಗೆ ಉಷ್ಣ ಎಂಬ ಆಪಾದನೆ ಹೊರಿಸಬೇಡಿ.

ಕೊನೆಯದು, ನಾನು ನಿಜಕ್ಕೂ ಹೆದರುವುದು. ತುರಿಯೇ ಇಲ್ಲದ, ಬಿಳಿಚಿದ ಅಥವಾ ತುಸು ಕೆಂಪಾದ ಮಚ್ಚೆ, ಹತ್ತಿಯ ಎಳೆ ಸವರಿದರೆ ಗೊತ್ತೇ ಆಗುವುದಿಲ್ಲ. ಅದು ಕುಷ್ಠದ ಶುರು ಇರಬಹುದು. ಅದಕ್ಕೆ ಟ್ಯೂಬ್ ಹಚ್ಚುತ್ತ ವರ್ಷ ಕಳೆದರೆ ನರ ಹಾಳಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪೂರ್ತಿ ಉಚಿತ, ಆರು ಅಥವಾ ಹನ್ನೆರಡು ತಿಂಗಳಲ್ಲಿ ಪೂರ್ಣ ಗುಣ. ತುರಿಸುವ ಮಚ್ಚೆಗೆ ಓಡಿ ಬರುವ ಜನ, ತುರಿಸದ ಮಚ್ಚೆಗೆ ಬರುವುದಿಲ್ಲ. ತಿರುಗುಮುರುಗಾಗಬೇಕಿತ್ತು.

ಅತ್ತೆಯವರ ಬೆರಳಿಗೆ ಬರೋಣ. ನೀವು ಬರೆದದ್ದು ನೋಡಿದರೆ ಅದು ಗಜಕರ್ಣದ ಅಂಟಲ್ಲ, ಹಳೆಯ ಉಗುರುಸುತ್ತು. ಹೆಬ್ಬೆರಳು, ತೋರುಬೆರಳು ಎಂದು ಊಹಿಸುತ್ತೇನೆ, ಮೀನು ಹಿಡಿದು ಹೆರೆಯುವ, ಸಿಗಡಿ ಸುಲಿಯುವ, ಪಾತ್ರೆ ತಿಕ್ಕುವ ಬೆರಳುಗಳು. ನಿಮ್ಮ ಬೆರಳಿನ ಉಗುರಿನ ಬುಡ ನೋಡಿಕೊಳ್ಳಿ, ಚರ್ಮ ಒಂದು ತೆಳು ಪೊರೆಯಾಗಿ ಉಗುರಿಗೆ ಅಂಟಿಕೊಂಡಿರುತ್ತದೆ. ಕಿಟಕಿಯ ಗಾಜಿಗೆ ಹಚ್ಚಿದ ಮೇಣದ ಹಾಗೆ ಅದು ನೀರು ಒಳಗಿಳಿಯದಂತೆ ತಡೆಯುತ್ತದೆ. ಅತ್ತೆಯವರ ಬೆರಳಲ್ಲಿ ಆ ಪೊರೆ ಇರಲಿಕ್ಕಿಲ್ಲ. ದಿನವಿಡೀ ನೀರು, ಸೋಪು, ಉಪ್ಪು ತಾಗಿ ಅದು ಕರಗಿದೆ. ಸಂದಿಯಲ್ಲಿ ನೀರು ನಿಂತು ಊದಿದೆ, ನಿಂತ ನೀರಿಗೆ ಯೀಸ್ಟು, ಬ್ಯಾಕ್ಟೀರಿಯಾ ಆಮೇಲೆ ಬಂದು ಸೇರಿವೆ. ಉಗುರು ಹುಟ್ಟುವ ಜಾಗವೇ ಊದಿರುವುದರಿಂದ ಬರುವ ಉಗುರು ಅಲೆಯಲೆಯಾಗಿ ಒರಟಾಗಿದೆ. ಪಕ್ಕದಲ್ಲಿ ಹಸಿರು ಛಾಯೆ ಇದ್ದರೆ ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ.

ಇದಕ್ಕೆ ಮುಖ್ಯ ಔಷಧಿ ಒಣಗಿರುವುದು. ಹೇಳುವುದು ಸುಲಭ, ಅಡುಗೆಮನೆ ಹೆಂಗಸಿಗೆ ಮಾಡುವುದು ಕಷ್ಟ ಎಂದು ಗೊತ್ತಿದೆ. ತೆಳ್ಳನೆ ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದು. ಬರಿ ರಬ್ಬರಾದರೆ ಒಳಗೇ ಬೆವೆತು ಮತ್ತೆ ಒದ್ದೆ. ಮೀನು ಹೆರೆಯುವ ಕೆಲಸ ಮೂರು ತಿಂಗಳು ಬೇರೆಯವರ ಪಾಲಿಗೆ ಬರಲಿ, ಮಗ ಬೋಟಿಗೆ ಹೋಗುವವನಾದರೆ ಮೀನು ಹೆರೆಯಲೂ ಬರುತ್ತದೆ. ಸಿಪ್ಪೆಯಂತೆ ಎದ್ದ ಚರ್ಮವನ್ನು ಕೀಳಬಾರದು, ಉಗುರಿನ ಸಂದಿಗೆ ಸೂಜಿ, ಪಿನ್ನು ತೂರಿಸಬಾರದು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿಯಂತೆ ಸಿಕ್ಕಿಸುವುದು ನಮ್ಮಲ್ಲಿ ವಾಡಿಕೆ. ಒಣಗಿಸಬೇಕಾದ ಬೆರಳನ್ನು ಇಡೀ ರಾತ್ರಿ ಹುಳಿ ನೀರಲ್ಲಿ ನೆನೆಸಿಟ್ಟಂತೆ ಆಗುತ್ತದೆ, ಬೇಡ. ಇದ್ದಕ್ಕಿದ್ದಂತೆ ಕೀವು ತುಂಬಿ ಟಕಟಕ ನೋಯುವುದಾದರೆ ಅದು ಬೇರೆ ಕಥೆ. ಅವತ್ತೇ ಆಸ್ಪತ್ರೆಗೆ ಹೋಗಿ ಕೀವು ತೆಗೆಸಬೇಕು. ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆಯಂತೂ ಮಾಡಿಸಲೇಬೇಕು.

ಇಲ್ಲೊಂದು ತಮಾಷೆ. ಹಳೆಯ ಉಗುರುಸುತ್ತಿಗೆ ಶಿಲೀಂಧ್ರದ ಮುಲಾಮಿಗಿಂತ ಸ್ಟೀರಾಯ್ಡ್ ಮುಲಾಮೇ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಮನೆಯವರಿಂದ ಕಿತ್ತುಕೊಂಡದ್ದನ್ನು ಅತ್ತೆಯವರಿಗೆ ನಾನೇ ಬರೆದುಕೊಟ್ಟರೆ ಆಶ್ಚರ್ಯಪಡಬೇಡಿ. ಸ್ಟೀರಾಯ್ಡ್ ವಿಷವಲ್ಲ. ಮೀನು ಕೊಯ್ಯುವ ಕತ್ತಿ ಅದು, ಯಾವ ಜಾಗಕ್ಕೆ, ಎಷ್ಟು ದಿನ ಎಂಬುದರ ಮೇಲೆ ಎಲ್ಲ ನಿಂತಿದೆ. ಹಾಗೆಂದು ಆ ಹನ್ನೊಂದನೇ ಟ್ಯೂಬಿನ ಉಳಿಕೆಯನ್ನು ಅವರ ಬೆರಳಿಗೆ ಹಿಂಡಬೇಡಿ ಮತ್ತೆ.

ಕಾಲಿನ ಉಗುರು ದಪ್ಪವಾಗಿ ಹಳದಿ ತಿರುಗಿದ್ದರೆ ಅದು ಶಿಲೀಂಧ್ರ ಇರಬಹುದು, ಆದರೆ ಹಾಗೆ ಕಾಣುವ ಉಗುರುಗಳಲ್ಲಿ ಸರಿಸುಮಾರು ಅರ್ಧ ಮಾತ್ರ ನಿಜಕ್ಕೂ ಶಿಲೀಂಧ್ರದ್ದು. ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಮಾತ್ರೆ ನುಂಗಬಾರದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು. ಕಾಲಿನದಕ್ಕೆ ಒಂದು ವರ್ಷ, ಒಂದೂವರೆ ವರ್ಷ. ಅತ್ತೆಯವರ ಊತ ಇಳಿದ ಮೇಲೂ ಒರಟು ಉಗುರು ಮುಂದಕ್ಕೆ ಸರಿಯುತ್ತ ಕೆಲ ತಿಂಗಳು ಇರುತ್ತದೆ. ಬುಡದಲ್ಲಿ ನಯವಾದ ಉಗುರು ಹೊರಡುತ್ತಿದ್ದರೆ ಎಲ್ಲ ಸರಿದಾರಿಯಲ್ಲಿದೆ ಎಂದು ತಿಳಿಯಿರಿ.

ಚಳಿಗೆ ಅವರ ಹಿಮ್ಮಡಿಯೂ ಒಡೆಯುತ್ತಿದ್ದರೆ ಮುರುಗಲ ತುಪ್ಪ (ಕೋಕಂ ಬೀಜದ ಕೊಬ್ಬು) ಹಚ್ಚಲಿ. ಬಿಸಿನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರೆಸಿ, ಇನ್ನೂ ತುಸು ಪಸೆ ಇರುವಾಗಲೇ ಕರಗಿಸಿದ ತುಪ್ಪ ತುಂಬಿ ಕಾಲುಚೀಲ ಹಾಕಿ ಮಲಗಬೇಕು. ನನ್ನಮ್ಮ ಸಿರ್ಸಿಯ ಮನೆಯಲ್ಲಿ ಅಡಿಕೆ ಸುಲಿದು ಚೊಗರಿಗೆ ಒಡೆದ ಬೆರಳುಗಳಿಗೂ ಇದನ್ನೇ ಹಚ್ಚುತ್ತಿದ್ದಳು. ಪೇಟೆಯ ಎಷ್ಟೋ ಕ್ರೀಮುಗಳಿಗಿಂತ ಇದು ಮೇಲು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇನ್ನು ನಿಮ್ಮ ಕೂದಲು. ಮಗುವಿಗೆ ಐದು ತಿಂಗಳು, ಉದುರಲು ಶುರುವಾಗಿ ಎರಡು ತಿಂಗಳು. ಅಂದರೆ ಹೆರಿಗೆಯಾಗಿ ಮೂರು ತಿಂಗಳಿಗೆ ಸರಿಯಾಗಿ ಶುರುವಾಗಿದೆ. ಈ ಲೆಕ್ಕವೇ ಅರ್ಧ ಉತ್ತರ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ ವರ್ಷಗಟ್ಟಲೆ ಬೆಳೆದು, ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರುತ್ತದೆ. ಸರದಿ ಬೇರೆಬೇರೆ ಆದ್ದರಿಂದ ದಿನಕ್ಕೆ ಐವತ್ತು ನೂರು ಉದುರಿದರೂ ಗೊತ್ತಾಗುವುದಿಲ್ಲ. ಬಸುರಿಯಲ್ಲಿ ಹಾರ್ಮೋನುಗಳು ಉದುರಬೇಕಾದವನ್ನೂ ತಡೆದು ಹಿಡಿಯುತ್ತವೆ, ಅದಕ್ಕೇ ಆಗ ಜಡೆ ದಪ್ಪ. ಹೆರಿಗೆಯಾದೊಡನೆ ತಡೆ ಸಡಿಲಿ ಅವೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತವೆ. ‘ಕೂಸು ಅಬ್ಬೆಯ ಮುಖ ನೋಡಿ ನಗುವ ಹೊತ್ತಿಗೆ ಜಡೆ ತೆಳ್ಳಗಾಗ್ತದೆ’ ಎಂದು ಅಜ್ಜಿಯೊಬ್ಬರು ನನಗೆ ಹೇಳಿದ್ದರು. ಕೂಸಿನ ನಗೆಯದೇನೂ ತಪ್ಪಿಲ್ಲ, ತಿಂಗಳ ಲೆಕ್ಕ ಮಾತ್ರ ಅಜ್ಜಿ ಸರಿಯಾಗಿಯೇ ಹಿಡಿದಿದ್ದರು. ಡೆಂಗಿ, ಟೈಫಾಯ್ಡ್, ದೊಡ್ಡ ಆಪರೇಷನ್ ಆದ ಮೇಲೂ ಹೀಗೇ. ಹಾಗಾಗಿ ಕೂದಲು ಉದುರಿದರೆ ನಿನ್ನೆ ಹಾಕಿದ ಶಾಂಪೂವನ್ನು ಬಯ್ಯಬೇಡಿ, ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ.

ಉದುರಿದ ಒಂದು ಕೂದಲನ್ನು ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಗಸಗಸೆಗಿಂತ ಸಣ್ಣ ಬಿಳಿ ಗಂಟು ಕಂಡರೆ ಅದು ತನ್ನ ಅವಧಿ ಮುಗಿಸಿ ಬಿದ್ದದ್ದು, ಬುಡ ಒಳಗೆ ಭದ್ರವಾಗಿದೆ. ಬೇರೇ ಕಿತ್ತು ಬಂತು ಎಂದು ಹೆದರುವವರು ನೋಡುವುದು ಇದನ್ನೇ. ಸಾಮಾನ್ಯವಾಗಿ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸರಿಹೋಗುತ್ತದೆ. ಹಣೆಯ ಅಂಚಿನಲ್ಲಿ ಬಾಚಿದರೂ ಕೂರದ ಗಿಡ್ಡ ಕೂದಲು ಏಳುವುದು ಒಳ್ಳೆಯ ಸೂಚನೆ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವ ಕೂದಲು ಜಡೆಗೆ ಸೇರಲು ಸಮಯ ಬೇಕೇ ಬೇಕು. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಥೈರಾಯ್ಡ್ ಮೂರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ. ಯಾರಾದರೂ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಕೊಟ್ಟಿದ್ದರೆ ರಕ್ತ ಕೊಡುವ ಮೊದಲು ಹೇಳಿ, ಅದು ಥೈರಾಯ್ಡ್ ವರದಿಯನ್ನೇ ಸುಳ್ಳು ಮಾಡಬಹುದು. ದಾಸವಾಳದ ಸೊಪ್ಪು, ಮತ್ತಿ ಸೊಪ್ಪಿನ ಲೋಳೆಯಲ್ಲಿ ತಲೆ ತೊಳೆಯುವುದು ಚೆನ್ನಾಗಿಯೇ ಇದೆ, ಕೂದಲು ನಯವಾಗುತ್ತದೆ. ಉದುರುವುದನ್ನು ಅದು ನಿಲ್ಲಿಸದು.

ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾದರೆ ‘ಹುಳ ತಿಂದಿದೆ’ ಎನ್ನುತ್ತಾರೆ. ಹುಳವಿಲ್ಲ, ದೇಹವೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದಿರುತ್ತದೆ, ತೋರಿಸಿ. ಮಕ್ಕಳ ತಲೆಯಲ್ಲಿ ಹೊಟ್ಟಿನ ಸಮೇತ ಕೂದಲು ಮುರಿದ ಮಚ್ಚೆ ಇದ್ದರೆ ಅದು ತಲೆಯ ಗಜಕರ್ಣ, ಅದಕ್ಕೆ ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು.

ಮಗುವಿಗೆ ಹತ್ತೀತೇ ಎಂದಿರಿ. ಹತ್ತಬಹುದು. ಎತ್ತಿಕೊಳ್ಳುವ ಮೊದಲು ಕೈ ತೊಳೆಯಿರಿ, ನಿಮ್ಮ ಸೊಂಟದ ಮಚ್ಚೆಯ ಮೇಲೆ ಬಟ್ಟೆ ಇರಲಿ, ಮಗುವಿನ ಹೊದಿಕೆ ಬೇರೆ ಇರಲಿ, ಅಪ್ಪನ ಲುಂಗಿಯ ಜೋಳಿಗೆಯಲ್ಲಿ ಮಲಗಿಸಬೇಡಿ. ಏನಾದರೂ ಕೆಂಪು ಎದ್ದರೆ ಮನೆಯ ಟ್ಯೂಬ್ ಮಾತ್ರ ಮುಟ್ಟಿಸಬೇಡಿ. ಕೂಸಿನ ಚರ್ಮ ತೆಳು, ಸ್ಟೀರಾಯ್ಡ್ ಒಳಗಿಳಿದು ಮೈಯ ಹಾರ್ಮೋನುಗಳನ್ನೇ ಕದಡುತ್ತದೆ.

ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಹತ್ತಿರದ ಚರ್ಮ ವೈದ್ಯರಲ್ಲಿಗೋ ಇಡೀ ಮನೆಯವರು ಒಂದೇ ದಿನ ಹೋಗಿ. ಹೋಗುವ ಮೊದಲಿನ ಎರಡು ವಾರ ಮಚ್ಚೆಗೆ ಯಾವ ಔಷಧಿಯನ್ನೂ ಹಚ್ಚದಿದ್ದರೆ ಪರೀಕ್ಷೆಯಲ್ಲಿ ಎಳೆಗಳು ಸರಿಯಾಗಿ ಕಾಣುತ್ತವೆ. ಖಾಲಿ ಟ್ಯೂಬುಗಳನ್ನು ಎಸೆದಿಲ್ಲವಾದರೆ ಒಂದು ಚೀಲದಲ್ಲಿ ಹಾಕಿ ತನ್ನಿ, ಬಯ್ಯುವುದಕ್ಕಲ್ಲ, ಓದುವುದಕ್ಕೆ. ಅತ್ತೆಯವರಿಗೆ ಹೇಳಿ, ಆ ದಿನ ಉಗುರಿಗೆ ಮದರಂಗಿ ಹಚ್ಚಿಕೊಂಡು ಬರುವುದು ಬೇಡ, ಕೆಳಗಿನ ಬಣ್ಣ ನನಗೆ ಕಾಣಬೇಕು.